ಈಕೆಮ್ ತೋಟದ ಮನೆತನ



ಫ್ರಾನ್ಸ್ ದೇಶದ ಒಂದು ದ್ರಾಕ್ಷಿಯ ತೋಟವನ್ನೂ, ಅದನ್ನು ನಾನೂರು ವರ್ಷಗಳ ಕಾಲ ಸಾಕಿ ಸಲಹಿದ ಒಂದು ಮನೆತನವನ್ನೂ ಕುರಿತು ಈ ಹೊತ್ತು ನಾಲ್ಕು ಮಾತುಗಳನ್ನಾಡಬೇಕೆಂದಿದ್ದೇವೆ. ಆ ತೋಟದ ಹೆಸರು ಈಕೆಮ್. ಅಲ್ಲಿ ಆಗುವುದು ಊಟದ ಕೊನೆಯಲ್ಲಿ ಸಿಹಿತಿಂಡಿಯೊಡನೆ ಕುಡಿಯುವ, ಜೇನಿನಂತೆ ಮಧುರವಾದ ದ್ರಾಕ್ಷಾಮದ್ಯ. ಮದ್ಯದ ಮಾತು ಬಂದುದರಿಂದ ಮೊದಲೇ ಒಂದು ಅರಿಕೆ. ಪಾನವನ್ನು ಹೊಗಳುವುದು ನಮ್ಮ ಉದ್ದೇಶವಲ್ಲ. ಅದನ್ನು ತೆಗಳುವ ವಿದ್ವಾಂಸರು ಬೇಕಾದಷ್ಟು ಮಂದಿ ಇದ್ದಾರೆ, ಆ ಕೆಲಸವನ್ನು ಅವರಿಗೇ ಬಿಡೋಣ. ಪೀತಾಂಬರವನ್ನು ಉಡದವನೂ ನೇಯ್ಗೆಯವನ ಜಾಣ್ಮೆಯನ್ನು ಕೇಳಿ ಸಂತೋಷಪಡಬಹುದಷ್ಟೆ. ಹಾಗೆಯೇ ಒಂದು ತೊಟ್ಟನ್ನೂ ಮುಟ್ಟದವರು ಈ ತೋಟದ ವೃತ್ತಾಂತವನ್ನು ಕೇಳಬಹುದು. ಏಕೆಂದರೆ ಇದು ಮೊದಲು ಬೇಸಾಯದ ಕಥೆ, ಆಮೇಲೆ ತಾಳ್ಮೆಯ ಕಥೆ, ಕಡೆಗೆ ನಮಗೆಲ್ಲರಿಗೂ ಚೆನ್ನಾಗಿ ಗೊತ್ತಿರುವ ಆಸ್ತಿ ಪಾಲಿನ ಕಥೆ.

ಫ್ರಾನ್ಸಿನ ನೈಋತ್ಯ ಭಾಗದಲ್ಲಿ ಬೋರ್ಡೋ ಎಂಬ ಪ್ರಸಿದ್ಧವಾದ ರೇವುಪಟ್ಟಣವಿದೆ. ಅಲ್ಲಿಂದ ಗಾರೋನ್ ನದಿಯ ಎಡದಂಡೆಯಲ್ಲಿ ಆಗ್ನೇಯಕ್ಕೆ ಸುಮಾರು 40 ಕಿಲೋಮೀಟರು ಹೋದರೆ ಸೋತೆರ್ನ್ ಸೀಮೆ ಸಿಕ್ಕುತ್ತದೆ. ಸೋತೆರ್ನ್, ಬಾರ್ಸಾಕ್, ಬೊಮ್, ಫಾರ್ಗ್, ಪ್ರೆನ್ಯಾಕ್ ಎಂಬ ಐದು ಗ್ರಾಮಗಳು ಸೇರಿ ಆ ಸೀಮೆಯಾಗಿದೆ. ದೊಡ್ಡ ಸೀಮೆಯೇನೂ ಅಲ್ಲ. ಆದರೆ ಅಲ್ಲಿ ಒಂದು ಸಣ್ಣ ಹೊಳೆಯುಂಟು. ಸಿರೋನ್ ಎಂಬ ಈ ಹೊಳೆ ಕಾಡಿನ ನೆರಳಿನಲ್ಲಿ ಹರಿದು ಬರುವುದರಿಂದ ಅದರ ನೀರು ತಣ್ಣಗಿರುತ್ತದೆ. ಅದು ಬೆಚ್ಚಗಿರುವ ಗಾರೋನ್ ನದಿಯನ್ನು ಬಂದು ಸೇರುವಲ್ಲಿ, ಶರತ್ಕಾಲದ ಬೆಳಗಿನ ಹೊತ್ತು, ದಟ್ಟವಾದ ಮಂಜು ಏಳುತ್ತದೆ. ಆ ಮಂಜು ದಿಣ್ಣೆಗಳ ಮೇಲೆಲ್ಲಾ ಹಬ್ಬಿ, ಹೊತ್ತು ಏರುತ್ತ ಬಂದಂತೆ ಕರಗಿ, ಮಧ್ಯಾಹ್ನದ ಹೊತ್ತಿಗೆ ಬಿಸಿಲು ಬೀಳುತ್ತದೆ. ಬೆಳಗ್ಗೆ ಮಂಜು, ಮಧ್ಯಾಹ್ನ ಬಿಸಿಲು: ಆ ಸೀಮೆಯ ಭಾಗ್ಯವೆಲ್ಲವೂ ಈ ಎರಡು ಮಾತುಗಳಲ್ಲಿ ಅಡಗಿದೆ.

ಅದು ಹೇಗೆಂದು ಕೇಳಬಹುದು. ನಮ್ಮ ಮನೆಗಳಲ್ಲಿ ಉಪ್ಪಿನಕಾಯಿಯ ಜಾಡಿಯ ಮೇಲೆ ಬೂಷ್ಟು ಕಾಣಿಸಿತೆಂದರೆ ಗೃಹಿಣಿಯ ಮುಖ ಬಾಡುತ್ತದೆ. ಸೋತೆರ್ನಿನ ಒಕ್ಕಲಿಗನಾದರೋ ತನ್ನ ದ್ರಾಕ್ಷಿಗೆ ಬೂಷ್ಟು ಬರಲೆಂದು ದೇವರಲ್ಲಿ ಬೇಡಿಕೊಳ್ಳುತ್ತಾನೆ. ಸಸ್ಯಶಾಸ್ತ್ರಜ್ಞರು ಬಾಟ್ರೈಟಿಸ್ ಸಿನೇರಿಯ ಎಂದು ಕರೆಯುವ ಈ ಬೂಷ್ಟು ಮಂಜಿನ ತೇವದಲ್ಲಿ ಹಣ್ಣಿನ ಮೇಲೆ ಹುಟ್ಟಿ, ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಎಳೆಗಳಿಂದ ಅದರ ಸಿಪ್ಪೆಯನ್ನು ತೂತುಮಾಡುತ್ತದೆ. ಮಧ್ಯಾಹ್ನದ ಬಿಸಿಲಿಗೂ ಗಾಳಿಗೂ ಹಣ್ಣಿನೊಳಗಿನ ನೀರು ಆ ತೂತುಗಳ ಮೂಲಕ ಆವಿಯಾಗಿ ಹೋಗುತ್ತದೆ. ಸಕ್ಕರೆಯು ಒಳಗೇ ಉಳಿದು ಗಟ್ಟಿಯಾಗುತ್ತದೆ. ಹುಳಿಯ ಒಂದಂಶವನ್ನು ಬೂಷ್ಟೇ ತಿಂದುಬಿಡುತ್ತದೆ. ಅದುವರೆಗೆ ಹಣ್ಣಿನಲ್ಲಿಲ್ಲದ ಹೊಸ ಪರಿಮಳಗಳೂ ಹುಟ್ಟುತ್ತವೆ. ಹೊಂಬಣ್ಣದ ದುಂಡು ಹಣ್ಣು ಕೆಲವು ದಿನಗಳಲ್ಲಿ ಕಂದುಬಣ್ಣಕ್ಕೆ ತಿರುಗಿ, ಸುಕ್ಕುಗಟ್ಟಿ, ಬೂದಿ ಬಳಿದಂತೆ ಆಗುತ್ತದೆ. ಅರಿಯದವನು ಕಂಡರೆ ಮೂಗು ಮುಚ್ಚಿಕೊಂಡು ತಿಪ್ಪೆಗೆ ಎಸೆದಾನು. ಫ್ರೆಂಚರು ಮಾತ್ರ ಇದಕ್ಕೆ ‘ಕುಲೀನ ಕೊಳೆತ’ ಎಂಬ ಅರ್ಥದ ಹೆಸರನ್ನಿಟ್ಟು ಗೌರವಿಸಿದ್ದಾರೆ.

ಕೊಳೆತವು ಕುಲೀನವಾಗುವುದೂ ಹೀನವಾಗುವುದೂ ಆಕಾಶದ ಮರ್ಜಿ. ಮಂಜಿನ ಬದಲು ಎಡೆಬಿಡದೆ ಮಳೆ ಹಿಡಿದರೆ ಅದೇ ಬೂಷ್ಟು ಹಣ್ಣನ್ನು ನಿಜವಾಗಿಯೂ ಕೊಳೆಯಿಸಿ ಹಾಳುಮಾಡುತ್ತದೆ. ಬರಿಯ ಬಿಸಿಲೇ ಕಾಯ್ದರೆ ಬೂಷ್ಟು ಹುಟ್ಟುವುದೇ ಇಲ್ಲ. ಎಲ್ಲವೂ ಅನುಕೂಲವಾಗಿದ್ದರೂ ಅದು ತೋಟಕ್ಕೆಲ್ಲಾ ಒಂದೇ ಸಮನೆ ಬರುವುದಿಲ್ಲ. ಒಂದೇ ಗೊಂಚಲಿನಲ್ಲಿ ನಾಲ್ಕು ಹಣ್ಣು ಸುಕ್ಕಿದ್ದರೆ ಹತ್ತು ಹಣ್ಣು ಹಸಿಯಾಗಿಯೇ ಇರುತ್ತವೆ. ಆದುದರಿಂದ ಅಲ್ಲಿ ಕೊಯ್ಲೆಂದರೆ ಒಂದು ದಿನದ ಸುಗ್ಗಿಯಲ್ಲ. ಕೊಯ್ಯುವವರು ಸಣ್ಣ ಕತ್ತರಿಗಳನ್ನು ಹಿಡಿದು ಸಾಲುಸಾಲಾಗಿ ಹೋಗಿ, ಪಕ್ವವಾದ ಹಣ್ಣುಗಳನ್ನಷ್ಟೇ ಆಯ್ದು, ಉಳಿದುದನ್ನು ಬಳ್ಳಿಯಲ್ಲೇ ಬಿಟ್ಟು ಬರುತ್ತಾರೆ. ಒಂದು ವಾರವೋ ಹತ್ತು ದಿನವೋ ಕಳೆದ ಮೇಲೆ ಅದೇ ಸಾಲಿಗೆ ಮತ್ತೆ ಹೋಗುತ್ತಾರೆ. ಈಕೆಮಿನಲ್ಲಿ ಹೀಗೆ ಸಾಮಾನ್ಯವಾಗಿ ಐದಾರು ಸಲ ತೋಟವನ್ನು ಸುತ್ತಬೇಕಾಗುತ್ತದೆ. ಸೆಪ್ಟೆಂಬರಿನಲ್ಲಿ ಆರಂಭವಾದ ಕೊಯ್ಲು ನವೆಂಬರಿನವರೆಗೂ ಎಳೆಯುವುದುಂಟು. ಆ ದಿನಗಳುದ್ದಕ್ಕೂ ಆಳುಗಳು ಕೈಯಳತೆಯಲ್ಲಿ ಇರಬೇಕು. ಕಾಯುವ ಒಂದೊಂದು ದಿನವೂ ಒಂದು ಜೂಜೇ. ಇಂದು ಕೊಯ್ದರೆ ಸಕ್ಕರೆ ಕಡಿಮೆ. ನಾಳೆಗೆ ಬಿಟ್ಟರೆ ಮಳೆ ಬಂದೀತು.

ಇಷ್ಟಾಗಿ ದೊರೆಯುವುದೇನು? ಬೋರ್ಡೋ ಪ್ರಾಂತ್ಯದ ಒಳ್ಳೆಯ ಕೆಂಪು ಮದ್ಯದ ತೋಟಗಳಲ್ಲಿ ಹೆಕ್ಟೇರಿಗೆ 4,000 ಲೀಟರಿನಷ್ಟು ಉತ್ಪತ್ತಿಯಾಗುವುದು ಅಪರೂಪವಲ್ಲ. ಈಕೆಮಿನಲ್ಲಿ ಸರಾಸರಿ 900 ಲೀಟರು. ಒಂದು ಬಳ್ಳಿ ವರ್ಷವೆಲ್ಲಾ ದುಡಿದು ಒಂದೇ ಒಂದು ಬಟ್ಟಲು ಮದ್ಯವನ್ನು ಕೊಡುತ್ತದೆಂದು ಆ ಸೀಮೆಯವರು ಹೇಳುವ ಮಾತು ಲೆಕ್ಕಕ್ಕೂ ಸರಿಯಾಗಿದೆ. ತೋಟದ ವಿಸ್ತೀರ್ಣ ಸುಮಾರು 100 ಹೆಕ್ಟೇರು. ಬಳ್ಳಿಗಳಲ್ಲಿ ಹೆಚ್ಚು ಪಾಲು ಸೆಮಿಯೋನ್ ಎಂಬ ಜಾತಿಯದು, ಉಳಿದುದು ಸೋವಿನ್ಯೋನ್. ಕೆಳಗೆ ನೀರನ್ನು ಹಿಡಿಯುವ ಜೇಡಿಮಣ್ಣಿರುವುದರಿಂದ, ಬೇರು ಕೊಳೆಯದಂತೆ ಹತ್ತೊಂಬತ್ತನೆಯ ಶತಮಾನದಲ್ಲಿ ನೆಲದೊಳಗೆ ಹೂಳಿದ ಮಣ್ಣಿನ ಕೊಳವೆಗಳ ಉದ್ದ ಒಟ್ಟು ಸುಮಾರು 100 ಕಿಲೋಮೀಟರು. ನೋಡುವವರ ಕಣ್ಣಿಗೆ ದಿಣ್ಣೆಯ ಮೇಲಿನ ಹಳೆಯ ಕೋಟೆಮನೆ ಕಾಣುತ್ತದೆಯೇ ಹೊರತು ಈ ಕೊಳವೆಗಳು ಕಾಣುವುದಿಲ್ಲ.

ಸುಕ್ಕಿದ ಹಣ್ಣನ್ನು ಹಿಂಡಿದರೆ ಬರುವ ರಸ ಪಾನಕಕ್ಕಿಂತ ಗಟ್ಟಿ. ಅದನ್ನು ಓಕ್ ಮರದ ಹೊಸ ಪೀಪಾಯಿಗಳಲ್ಲಿ ತುಂಬಿ ಹುದುಗಲು ಬಿಡುತ್ತಾರೆ. ಹುದುಗಿನ ಜೀವಾಣುಗಳು ಸಕ್ಕರೆಯನ್ನು ಮದ್ಯಸಾರವನ್ನಾಗಿ ಮಾಡುತ್ತ ಹೋಗಿ, ನೂರಕ್ಕೆ ಹದಿನಾಲ್ಕರ ಸುಮಾರಿಗೆ ಬಂದಾಗ ತಾವೇ ಸೃಷ್ಟಿಸಿದ ಸಾರದಿಂದ ಸೋತು ನಿಲ್ಲುತ್ತವೆ. ಆಗಲೂ ಲೀಟರಿಗೆ 100 ಗ್ರಾಮಿಗೆ ಮೇಲ್ಪಟ್ಟ ಸಕ್ಕರೆ ಉಳಿದಿರುತ್ತದೆ. ಮದ್ಯದ ಸಿಹಿಯೆಂದರೆ ಇದೇ, ಹೊರಗಿನಿಂದ ಬೆರೆಸಿದ್ದಲ್ಲ. ಆಮೇಲೆ ಪೀಪಾಯಿಗಳಲ್ಲಿ ವರ್ಷಗಟ್ಟಳೆ ಇಟ್ಟು, ಆವಿಯಾಗಿ ಹೋದಷ್ಟನ್ನು ಮತ್ತೆ ತುಂಬುತ್ತ, ಗಸಿಯಿಂದ ತಿಳಿಯನ್ನು ಬಸಿಯುತ್ತ, ರುಚಿ ನೋಡುತ್ತ, ಮನಸ್ಸಿಗೆ ಒಪ್ಪದ ಪೀಪಾಯಿಯನ್ನು ತಳ್ಳಿಹಾಕುತ್ತ ಬರುತ್ತಾರೆ. ಹಿಂದಿನ ಪದ್ಧತಿಯಂತೆ ಮೂರು ವರ್ಷಗಳಿಗೂ ಮೀರಿದ ಮೇಲೆ ಅದು ಸೀಸೆಯನ್ನು ಸೇರುತ್ತಿತ್ತು.

ಇನ್ನು ಮನೆತನದ ಮಾತಿಗೆ ಬರೋಣ. ಬೋರ್ಡೋ ಪ್ರಾಂತ್ಯವು ಮೂರು ಶತಮಾನಗಳ ಕಾಲ ಇಂಗ್ಲೆಂಡಿನ ರಾಜರ ವಶದಲ್ಲಿದ್ದು 1453ರಲ್ಲಿ ಫ್ರಾನ್ಸಿನ ದೊರೆಗಳ ಕೈಸೇರಿತು. 1593ರಲ್ಲಿ ಜಾಕ್ ಸೋವಾಜ್ ಎಂಬಾತನಿಗೆ ಈಕೆಮಿನ ಭೂಮಿಯ ಅನುಭೋಗದ ಹಕ್ಕು ದೊರೆಯಿತು. 1711ರಲ್ಲಿ ಆ ವಂಶದವರು ಅದರ ಪೂರ್ಣ ಒಡೆಯರಾದರು. 1785ರಲ್ಲಿ ಆ ಮನೆಯ ಮಗಳು ಫ್ರಾನ್ಸ್ವಾಸ್ ಜೋಸೆಫಿನ್, ಲೂರ್‌ ಸಲೂಸ್ ಎಂಬ ಪ್ರತಿಷ್ಠಿತ ಮನೆತನದ ಕೌಂಟ್ ಲೂಯಿ ಅಮೆದೆಯನ್ನು ಮದುವೆಯಾದಳು. ಅಂದಿನಿಂದ ಈಕೆಮ್ ತೋಟವೂ ಲೂರ್‌ ಸಲೂಸ್ ಹೆಸರೂ ಒಂದಾದವು.

ವಿವಾಹವಾದ ಮೂರೇ ವರ್ಷಗಳಲ್ಲಿ, 1788ರಲ್ಲಿ, ಗಂಡನು ಕುದುರೆಯಿಂದ ಬಿದ್ದು ತೀರಿಕೊಂಡನು. ಆಗ ಆಕೆಗೆ ಇಪ್ಪತ್ತು ವರ್ಷ. ಮರುವರ್ಷವೇ ಮಹಾಕ್ರಾಂತಿ. ಶ್ರೀಮಂತ ಕುಲದವರ ತಲೆಗಳು ಉರುಳುತ್ತಿದ್ದ ಆ ಭಯಂಕರ ದಿನಗಳಲ್ಲಿ ಆಕೆಯೂ ಸೆರೆಮನೆಯನ್ನು ಕಂಡಳು. ಹೊರಗೆ ಬಂದವಳು ತೋಟವನ್ನು ಕೈಬಿಡಲಿಲ್ಲ. ಮಕ್ಕಳನ್ನು ಸಾಕಿದಳು, ಬೆಳೆದ ಮಗನು ತನಗಿಂತ ಮೊದಲೇ ಮರಣಹೊಂದಿದ ದುಃಖವನ್ನೂ ನುಂಗಿದಳು, 1826ರಲ್ಲಿ ಮದ್ಯವನ್ನು ಶೇಖರಿಸುವುದಕ್ಕೆಂದೇ ಒಂದು ದೊಡ್ಡ ಉಗ್ರಾಣವನ್ನು ಕಟ್ಟಿಸಿದಳು. ಆ ಕಾಲಕ್ಕೆ ಇದು ಅಪೂರ್ವವಾದ ಸಾಹಸ. ಸಾಮಾನ್ಯವಾಗಿ ಬೆಳೆಗಾರರು ಹೊಸ ಮದ್ಯವನ್ನು ಪಟ್ಟಣದ ವರ್ತಕರಿಗೆ ಮಾರಿ ಕೈತೊಳೆದುಕೊಳ್ಳುತ್ತಿದ್ದರು. ಮಾಗಿಸುವ ಕೆಲಸ ವರ್ತಕರದು. ತನ್ನ ಬೆಳೆಯನ್ನು ತನ್ನ ಸೂರಿನಡಿಯಲ್ಲೇ ಕಾಯ್ದುಕೊಳ್ಳುವುದನ್ನು ಈಕೆ ಆರಿಸಿಕೊಂಡಳು. 1851ರಲ್ಲಿ ತೀರಿಕೊಳ್ಳುವವರೆಗೆ, ಅರವತ್ತಕ್ಕೂ ಮೀರಿದ ವರ್ಷಗಳ ಕಾಲ, ತೋಟದ ಯಜಮಾನಿಕೆ ಆಕೆಯದಾಗಿತ್ತು. ವಿಧವೆಯಾದ ಹೆಣ್ಣು ಮನೆಯನ್ನು ಎತ್ತಿ ನಿಲ್ಲಿಸಿದ ಕಥೆಗಳು ನಮ್ಮ ಊರುಗಳಲ್ಲಿ ಎಷ್ಟಿಲ್ಲ! ಆದರೆ ಅವರ ಕೆಲಸ ಅವರೊಡನೆ ಮರೆಯಾಗುತ್ತದೆ. ಈಕೆಯ ಕೆಲಸ ಮರೆಯಾಗಲಿಲ್ಲ. ಆಕಾಶದಲ್ಲಿ ದೊಡ್ಡ ಧೂಮಕೇತು ಕಾಣಿಸಿಕೊಂಡ 1811ರಲ್ಲಿ ಆಕೆಯ ತೋಟದಲ್ಲಿ ತಯಾರಾದ ಮದ್ಯದ ಒಂದು ಸೀಸೆ, ಇನ್ನೂರು ವರ್ಷಗಳ ತರುವಾಯ, 2011ರಲ್ಲಿ, 75,000 ಪೌಂಡುಗಳಿಗೆ ಮಾರಾಟವಾಯಿತು.

ಬೂಷ್ಟಿನ ಗುಣವು ತಿಳಿದ ಬಗೆಗೆ ಒಂದು ದಂತಕಥೆಯುಂಟು. 1847ರಲ್ಲಿ ಯಜಮಾನನು ರಷ್ಯಾದಿಂದ ಹಿಂದಿರುಗುವುದು ತಡವಾಯಿತಂತೆ. ಅವನ ಅಪ್ಪಣೆಯಿಲ್ಲದೆ ಕೊಯ್ಲು ಮಾಡಲು ಯಾರಿಗೂ ಧೈರ್ಯವಿರಲಿಲ್ಲವಂತೆ. ಹಣ್ಣೆಲ್ಲವೂ ಬೂಷ್ಟು ಹಿಡಿದುದರಿಂದ ಬೇರೆ ದಾರಿಯಿಲ್ಲದೆ ಹಿಂಡಿದಾಗ ಅಮೃತ ಬಂತಂತೆ. ಕಥೆ ಸೊಗಸಾಗಿದೆ, ನಿಜವಲ್ಲ. ತಡವಾಗಿ ಆಯ್ದು ಕೊಯ್ಯುವ ರೂಢಿ ಅದಕ್ಕೆ ಬಹಳ ಹಿಂದಿನದು. ಫ್ರಾನ್ಸಿನಲ್ಲಿ ಅಮೆರಿಕದ ರಾಯಭಾರಿಯಾಗಿದ್ದು ಮುಂದೆ ಆ ದೇಶದ ಅಧ್ಯಕ್ಷನಾದ ಥಾಮಸ್ ಜೆಫರ್ಸನ್ 1787ರಲ್ಲೇ ಈಕೆಮಿಗೆ ಪತ್ರ ಬರೆದು 1784ರ ಬೆಳೆಯ 250 ಸೀಸೆಗಳನ್ನು ತರಿಸಿಕೊಂಡಿದ್ದನು. ಆದರೆ 1847ರ ಮದ್ಯ ಅಸಾಧಾರಣವಾಗಿದ್ದುದು ಮಾತ್ರ ನಿಜ. 1859ರಲ್ಲಿ ರಷ್ಯದ ಚಕ್ರವರ್ತಿಯ ಸೋದರ ಕಾನ್‌ಸ್ಟಂಟೈನನು ಅದರ 900 ಲೀಟರಿಗೆ 20,000 ಚಿನ್ನದ ಫ್ರಾಂಕುಗಳನ್ನು ಕೊಟ್ಟನು. ಅದಕ್ಕೆ ಮುಂಚೆ, 1855ರ ಪ್ಯಾರಿಸ್ ಪ್ರದರ್ಶನಕ್ಕಾಗಿ ಬೋರ್ಡೋ ವರ್ತಕರು ಆ ಪ್ರಾಂತ್ಯದ ಮದ್ಯಗಳಿಗೆ ಶ್ರೇಣಿಗಳನ್ನು ಕಟ್ಟಿದಾಗ, ಬಿಳಿಯ ಮದ್ಯಗಳ ಪಟ್ಟಿಯಲ್ಲಿ ಮೊದಲ ಶ್ರೇಣಿಗೂ ಮೇಲೆ ಇನ್ನೊಂದು ಮೆಟ್ಟಿಲನ್ನು ಮಾಡಿ ಅದರ ಮೇಲೆ ಈಕೆಮನ್ನು ಒಂದನ್ನೇ ನಿಲ್ಲಿಸಿದ್ದರು.

ಕೀರ್ತಿಯನ್ನು ಸಂಪಾದಿಸುವುದಕ್ಕಿಂತ ಉಳಿಸಿಕೊಳ್ಳುವುದು ಕಷ್ಟ. ಈ ಮನೆತನದವರು ಅದನ್ನು ಉಳಿಸಿಕೊಂಡ ಬಗೆಯೇ ನಮಗೆ ಮುಖ್ಯವಾಗಿ ತೋರುವುದು. ಬೆಳೆ ತಕ್ಕಷ್ಟು ಒಳ್ಳೆಯದಾಗಿರದ ವರ್ಷ ಅವರು ಈಕೆಮ್ ಎಂಬ ಹೆಸರಿನಲ್ಲಿ ಒಂದು ಸೀಸೆಯನ್ನೂ ಹೊರಡಿಸುತ್ತಿರಲಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಹೀಗೆ ಒಂಬತ್ತು ಸಲ ನಡೆಯಿತು: 1910, 1915, 1930, 1951, 1952, 1964, 1972, 1974 ಮತ್ತು 1992. ಇದರ ಅರ್ಥವನ್ನು ಸ್ವಲ್ಪ ಯೋಚಿಸಬೇಕು. ಬಳ್ಳಿ ಕತ್ತರಿಸಿದ್ದು, ಗೊಬ್ಬರ ಹಾಕಿದ್ದು, ಆಳುಗಳಿಗೆ ಕೂಲಿ ಕೊಟ್ಟದ್ದು, ಐದಾರು ಸಲ ತೋಟ ಸುತ್ತಿ ಆಯ್ದದ್ದು, ಪೀಪಾಯಿ ಕೊಂಡದ್ದು ಎಲ್ಲವೂ ಆ ವರ್ಷಗಳಲ್ಲಿಯೂ ಆಗಿದ್ದವು. ಆದ ಮದ್ಯವಾದರೂ ವಿಷವೇನಲ್ಲ. ಹೆಸರಿನ ಬಲದಿಂದ ಅದನ್ನು ಮಾರಿದ್ದರೆ ಕೊಳ್ಳುವವರಲ್ಲಿ ಹೆಚ್ಚು ಮಂದಿಗೆ ವ್ಯತ್ಯಾಸವೂ ತಿಳಿಯುತ್ತಿರಲಿಲ್ಲ. ಅವರು ಅದನ್ನು ಹೆಸರಿಲ್ಲದ ಸಾಮಾನ್ಯ ಮದ್ಯವಾಗಿ ವರ್ತಕರಿಗೆ ಅಗ್ಗವಾಗಿ ಕೊಟ್ಟು ಸುಮ್ಮನಾದರು. 1951ರಲ್ಲಿಯೂ 1952ರಲ್ಲಿಯೂ, ಎರಡು ವರ್ಷ ಒಂದೇ ಸಮನೆ, ಹೀಗೆ ಮಾಡಬೇಕಾಗಿ ಬಂದಾಗ ಆ ಮನೆಯ ಲೆಕ್ಕದ ಪುಸ್ತಕ ಹೇಗಿದ್ದಿರಬೇಕು!

ಅದೂ ಎಂತಹ ಕಾಲ? ಎರಡನೆಯ ಮಹಾಯುದ್ಧದ ತರುವಾಯ ಜನರ ಅಭಿರುಚಿ ಬದಲಾಯಿತು. ಸಿಹಿಯಾದ ಮದ್ಯವನ್ನು ಕೇಳುವವರು ಕಡಿಮೆಯಾದರು. ಸೋತೆರ್ನಿನ ಎಷ್ಟೋ ತೋಟದವರು ಖರ್ಚು ಹುಟ್ಟದೆ ಸಿಹಿಯಿಲ್ಲದ ಮದ್ಯಕ್ಕೋ ಕೆಂಪು ಮದ್ಯಕ್ಕೋ ತಿರುಗಿದರು. ಆಗ ಈಕೆಮಿನ ಯಜಮಾನರಾಗಿದ್ದವರು ಮಾರ್ಕಿ ಬೆರ್ಟ್ರಾಂ ದ ಲೂರ್‌ ಸಲೂಸ್. ಎರಡು ಮಹಾಯುದ್ಧಗಳ ಕಷ್ಟವನ್ನು ಕಂಡವರು; ಮದುವೆಯಾಗದೆ ತೋಟದ ಸೇವೆಯಲ್ಲೇ ಬಾಳು ಸವೆಸಿದವರು. ಅವರೂ 1959ರಲ್ಲಿ ಸಿಹಿಯಿಲ್ಲದ ಒಂದು ಮದ್ಯವನ್ನು ಆರಂಭಿಸಿದರು. ಆದರೆ ಅದಕ್ಕೆ ತೋಟದ ಪೂರ್ಣ ಹೆಸರನ್ನು ಕೊಡದೆ ಅದರ ಮೊದಲಕ್ಷರವನ್ನಷ್ಟೇ ಕೊಟ್ಟರು. 1968ರಲ್ಲಿ ಅವರು ಕಾಲವಾದಾಗ ಆಡಳಿತ ಸೋದರನ ಮಗ ಅಲೆಗ್ಸಾಂದ್ರ್ ಅವರಿಗೆ ಬಂತು. ಕೈಗೆ ಬಂದ ಆರು ವರ್ಷಗಳಲ್ಲೇ ಎರಡು ಬೆಳೆಗಳನ್ನು ಅವರು ಬಿಟ್ಟುಕೊಡಬೇಕಾಯಿತೆಂಬುದನ್ನು ಮೇಲಿನ ಪಟ್ಟಿಯೇ ಹೇಳುತ್ತದೆ. ಆದರೂ ಹಳೆಯ ಕ್ರಮವನ್ನು ಅವರು ಸಡಿಲಿಸಲಿಲ್ಲ. 1980ರ ದಶಕದಲ್ಲಿ ಸೋತೆರ್ನಿಗೆ ಮತ್ತೆ ಬೇಡಿಕೆ ಬಂದಾಗ ಈಕೆಮಿನ ಹೆಸರು ಮಾಸದೆ ಉಳಿದಿತ್ತು.

ಆದರೆ ಮಳೆಗೆ ಅಂಜದ ಮನೆ ಪಾಲಿಗೆ ಅಂಜಬೇಕಾಯಿತು. 1804ರಲ್ಲಿ ನೆಪೋಲಿಯನ್ನನು ಜಾರಿಗೆ ತಂದ ಧರ್ಮಸಂಹಿತೆಯಂತೆ ಫ್ರಾನ್ಸಿನಲ್ಲಿ ತಂದೆಯ ಆಸ್ತಿಯಲ್ಲಿ ಮಕ್ಕಳೆಲ್ಲರಿಗೂ ಹಕ್ಕುಂಟು; ಒಬ್ಬನಿಗೇ ಎಲ್ಲವನ್ನೂ ಬರೆದುಕೊಡಲು ತಂದೆಗೆ ಅಧಿಕಾರವಿಲ್ಲ. ನ್ಯಾಯದ ದೃಷ್ಟಿಯಿಂದ ಇದು ಒಳ್ಳೆಯದೇ. ಆದರೆ ತಲೆಮಾರು ಕಳೆದಂತೆ ಒಂದು ತೋಟ ಹತ್ತಾರು ಜನರ ಪಾಲುಪತ್ರಗಳಾಗಿ ಒಡೆಯುತ್ತದೆ. ತೋಟದಲ್ಲಿ ದುಡಿಯುವವನೊಬ್ಬ, ಪಾಲುಳ್ಳವರು ಹಲವರು. ಬಂದ ಹಣವನ್ನೆಲ್ಲಾ ತೋಟಕ್ಕೇ ಸುರಿಯುವುದು ದುಡಿಯುವವನಿಗೆ ಧರ್ಮವಾಗಿ ಕಂಡರೆ, ದೂರದಲ್ಲಿರುವ ಪಾಲುಗಾರನಿಗೆ ತನ್ನ ಹಕ್ಕಿನ ಹಣವನ್ನು ತಡೆದಂತೆ ಕಾಣುತ್ತದೆ. ಒಟ್ಟುಕುಟುಂಬದಲ್ಲಿ ಹುಟ್ಟಿ ಬೆಳೆದ ಶ್ರೋತೃಗಳಿಗೆ ಇದನ್ನು ವಿಸ್ತರಿಸಿ ಹೇಳಬೇಕಾದುದಿಲ್ಲ.

1996ರಲ್ಲಿ ಅಲೆಗ್ಸಾಂದ್ರ್ ಅವರ ಅಣ್ಣನೂ ಇತರ ಬಂಧುಗಳೂ ತಮ್ಮ ಪಾಲುಗಳನ್ನು ಎಲ್‌ವಿಎಂಎಚ್ ಎಂಬ ವಿಲಾಸವಸ್ತುಗಳ ಬೃಹತ್ ಸಂಸ್ಥೆಗೆ ಮಾರಲು ಒಪ್ಪಿದರು. ನೂರಕ್ಕೆ ಐವತ್ತೈದರಷ್ಟು ಒಡೆತನ ಪರರ ಕೈಗೆ ಹೋಯಿತು. ಅಲೆಗ್ಸಾಂದ್ರ್ ನ್ಯಾಯಸ್ಥಾನಕ್ಕೆ ಹೋದರು. ಮೂರು ವರ್ಷಗಳ ಕಲಹದ ಬಳಿಕ 1999ರಲ್ಲಿ ರಾಜಿಯಾಯಿತು, ತೋಟ ಸಂಸ್ಥೆಯದಾಯಿತು, ಆಡಳಿತದಲ್ಲಿ ಅವರೇ 2004ರವರೆಗೆ ಮುಂದುವರಿದರು. ತನ್ನ ಮನೆಯಲ್ಲೇ ಪರರ ಪ್ರತಿನಿಧಿಯಾಗಿ ಐದು ವರ್ಷ ಕುಳಿತವನ ಮನಸ್ಸನ್ನು ಊಹಿಸಬಹುದು. ಮಾರಿದವರನ್ನು ಬೈಯುವುದು ಸುಲಭ. ಆದರೆ ಅವರೂ ತಮ್ಮದನ್ನೇ ಮಾರಿದರು. ತೋಟ ಯಾರದು, ಪತ್ರದಲ್ಲಿ ಹೆಸರಿರುವವರದೋ, ಬೆಳಗಿನ ಮಂಜನ್ನು ನೋಡಿ ಕೊಯ್ಯಲೋ ಬಿಡಲೋ ಎಂದು ತಳಮಳಿಸಿದವರದೋ? ಈ ಪ್ರಶ್ನೆಗೆ ಉತ್ತರ ಕೊಡುವ ಧರ್ಮಶಾಸ್ತ್ರ ಅಲ್ಲಿಯೂ ಇಲ್ಲ, ಇಲ್ಲಿಯೂ ಇಲ್ಲ.

ಅಲೆಗ್ಸಾಂದ್ರ್ ಅವರಿಗೆ ಇನ್ನೊಂದು ಆಸರೆಯಿತ್ತು. ಹತ್ತಿರದ ಫಾರ್ಗ್ ಗ್ರಾಮದಲ್ಲಿ 1472ರಿಂದ, ಅಂದರೆ ಈಕೆಮ್ ಕೈಸೇರುವುದಕ್ಕೆ ಮುನ್ನೂರು ವರ್ಷಗಳ ಹಿಂದಿನಿಂದಲೂ, ಲೂರ್‌ ಸಲೂಸ್ ವಂಶದ ಮೂಲಸ್ಥಾನವೊಂದಿದೆ. 1687ರಲ್ಲಿ ಬೆಂಕಿಗೆ ಆಹುತಿಯಾದ ಒಂದು ಕೋಟೆ. ಅದರ ಸುತ್ತ ಒಂದು ಸಣ್ಣ ತೋಟ. ಮಾರ್ಕಿ ಬೆರ್ಟ್ರಾಂ ಅಲ್ಲಿಯೂ ಬಿಳಿಯ ದ್ರಾಕ್ಷಿಯನ್ನು ಹಾಕಿಸಿದ್ದರು. 1943ರ ಬೆಳೆಯಿಂದ ಅಲ್ಲಿನ ಸಿಹಿಮದ್ಯ ಆರಂಭವಾಯಿತು. ಎಪ್ಪತ್ತನೆಯ ವಯಸ್ಸಿನಲ್ಲಿ ಈಕೆಮನ್ನು ಬಿಟ್ಟ ಅಲೆಗ್ಸಾಂದ್ರ್ ಆ ತೋಟದಲ್ಲಿ ಅದೇ ತಾಳ್ಮೆಯಿಂದ ಅದೇ ಕೆಲಸವನ್ನು ಮಾಡಿಕೊಂಡಿದ್ದು 2023ರಲ್ಲಿ ತೀರಿಕೊಂಡರು. ಫಾರ್ಗ್ ಇಂದಿಗೂ ವಂಶದವರ ಕೈಯಲ್ಲಿದೆ.

ಈಕೆಮಿನ ಗತಿಯೇನಾಯಿತು? ಹಣಕ್ಕಾಗಿ ಕೊಂಡವರು ಹಣಕ್ಕಾಗಿಯೇ ನಡೆಸುವರೆಂದು ಹಲವರು ಅಂಜಿದ್ದರು. 2012ರಲ್ಲಿ ಮಳೆ ಕಾಡಿತು. ಹಣ್ಣು ತಕ್ಕಂತೆ ಪಕ್ವವಾಗಲಿಲ್ಲ. ಆ ವರ್ಷ ಈಕೆಮಿನ ಸಿಹಿಮದ್ಯವನ್ನು ಹೊರಡಿಸುವುದಿಲ್ಲವೆಂದು ಹೊಸ ಒಡೆಯರು ಪ್ರಕಟಿಸಿದರು. ಅಂದರೆ ಒಂಬತ್ತು ವರ್ಷಗಳ ಹಳೆಯ ಪಟ್ಟಿಗೆ ಹತ್ತನೆಯದನ್ನು ಸೇರಿಸಿದವರು ಆ ವಂಶದವರಲ್ಲ, ಪರರು. ಅದರಲ್ಲಿ ವ್ಯಾಪಾರದ ಲೆಕ್ಕಾಚಾರವೂ ಇದ್ದಿರಬಹುದು, ಇರಲಿ. ಸುಳ್ಳು ಹೆಸರಿನಲ್ಲಿ ಮಾರುವುದು ನಷ್ಟವೆಂಬ ಲೆಕ್ಕವನ್ನು ಅವರಿಗೆ ಕಲಿಸಿದವರು ಯಾರು? ಉಗ್ರಾಣ ಕಟ್ಟಿದ ಆ ವಿಧವೆ, ಎರಡು ಬೆಳೆಗಳನ್ನು ಒಂದೇ ಸಮನೆ ಬಿಟ್ಟುಕೊಟ್ಟ ಆ ಬ್ರಹ್ಮಚಾರಿ, ಕಡೆಗೆ ತೋಟವನ್ನೇ ಕಳೆದುಕೊಂಡ ಅವರ ಸೋದರಪುತ್ರ. ಮನೆತನದ ಕೈಯಿಂದ ಮಣ್ಣು ಹೋಯಿತು. ಮನೆತನದ ನಡತೆ ಆ ಮಣ್ಣಿನಲ್ಲಿ ಉಳಿಯಿತು.

ನಮ್ಮ ನಾಡಿನಲ್ಲಿಯೂ ಹಿರಿಯರು ಕಟ್ಟಿದ ಅಂಗಡಿ, ಮಗ್ಗ, ತೋಟ, ಪಾಠಶಾಲೆಗಳು ಪಾಲಾಗಿ ಹೋಗುವುದನ್ನು ದಿನವೂ ಕಾಣುತ್ತೇವೆ. ಪಾಲನ್ನು ತಡೆಯುವುದು ಎಲ್ಲರಿಗೂ ಸಾಧ್ಯವಾಗಲಾರದು. ಆದರೆ ಕೆಟ್ಟ ವರ್ಷದಲ್ಲಿ ಹೆಸರನ್ನು ಮಾರದಿರುವುದು ಸಾಧ್ಯ. ಅಷ್ಟನ್ನು ಕಲಿಸಿ ಹೋದವನಿಗೆ ರಕ್ತಸಂಬಂಧವಿಲ್ಲದ ವಾರಸುದಾರರೂ ದೊರೆಯುತ್ತಾರೆಂಬುದಕ್ಕೆ ಈಕೆಮ್ ತೋಟ ಸಾಕ್ಷಿಯಾಗಿ ನಿಂತಿದೆ.